ಮಳೆಗಾಳಿ ಕುಡಿದ ಬೀಜ, ಹುಳಿ ತಾಳದ ಹೊಟ್ಟೆ: ಮಾನ್ಸೂನ್ಡ್ ಮಲಬಾರ್ ಕಾಫಿಯೊಂದಿಗೆ ಎಂಟು ವಾರ

ಹುಣಸೆಹಣ್ಣಿನ ಸಾರು, ಟೊಮೆಟೊ ಗೊಜ್ಜು, ನಿಂಬೆಹಣ್ಣಿನ ಚಿತ್ರಾನ್ನ, ಹುಳಿ ಮಜ್ಜಿಗೆ ಇವುಗಳಲ್ಲಿ ಯಾವುದನ್ನು ಉಂಡರೂ ಅರ್ಧ ಗಂಟೆಯೊಳಗೆ ಎದೆಯಲ್ಲಿ ಉರಿ ಏಳುವ ಶರೀರ ನನ್ನದು. ಇವನ್ನೆಲ್ಲ ಒಂದೊಂದಾಗಿ ಕಡಿಮೆ ಮಾಡಿದೆ. ಅದಕ್ಕಾಗಿ ಹೆಚ್ಚು ಕೊರಗಲೂ ಇಲ್ಲ. ಆದರೆ ಕಾಫಿಯ ಸರದಿ ಬಂದಾಗ ಮನಸ್ಸು ಹಟ ಹಿಡಿಯಿತು. ದಾವಣಗೆರೆ ಹೆಚ್ಚು ಪಾಲು ಚಹಾ ಕುಡಿಯುವ ಊರಾದರೂ ನಮ್ಮ ಮನೆಯಲ್ಲಿ ನಮ್ಮ ಅವ್ವನ ಕಾಲದಿಂದ ಹಿತ್ತಾಳೆಯ ಫಿಲ್ಟರ್ ಇದೆ, ಮತ್ತು ಮೂವತ್ತು ವರ್ಷಗಳ ಕಾಲ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ ನಾನು ಆ ಫಿಲ್ಟರಿನ ಡಿಕಾಕ್ಷನ್ ಕುಡಿಯದೆ ಒಂದು ದಿನವೂ ಮೊದಲನೆಯ ತರಗತಿಗೆ ಹೋದವನಲ್ಲ. ಎಂಡೋಸ್ಕೋಪಿ ಮಾಡಿದ ವೈದ್ಯರು ಹುಣ್ಣೇನೂ ಇಲ್ಲವೆಂದೂ ಅನ್ನನಾಳದ ಕೆಳತುದಿ ಸ್ವಲ್ಪ ಸಡಿಲವಾಗಿದೆಯೆಂದೂ ಹೇಳಿ, ಕಾಫಿಯನ್ನು ಹದಿನೈದು ದಿನ ಪೂರ್ತಿ ನಿಲ್ಲಿಸಿ ಆಮೇಲೆ ದಿನಕ್ಕೆ ಒಂದೇ ಲೋಟದಂತೆ ಮತ್ತೆ ಶುರು ಮಾಡಿ ನೋಡಿ ಎಂದರು. ಆ ಒಂದು ಲೋಟ ಯಾವುದಾಗಿರಬೇಕು ಎಂಬ ಹುಡುಕಾಟದಲ್ಲಿ ಕೈಗೆ ಬಂದದ್ದು ಮಾನ್ಸೂನ್ಡ್ ಮಲಬಾರ್ ಎಂಬ ಬೀಜ. ಈ ವಿಮರ್ಶೆ ಅದರ ಬಗ್ಗೆ. ಅದನ್ನು ಪುಡಿ ಮಾಡಿಕೊಟ್ಟ ನಮ್ಮೂರ ಅಂಗಡಿಯವರ ಬಗ್ಗೆಯೂ ಕೊಂಚ ಬರೆಯಬೇಕಾಗಿದೆ.

ಈ ಬೀಜದ ಹುಟ್ಟಿನ ಕಥೆ ಕಾಫಿ ಬಲ್ಲವರಿಗೆ ಹೊಸದಲ್ಲ. ಹಾಯಿ ಹಡಗುಗಳ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿಕೊಂಡು ಯುರೋಪು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನ ಸಮುದ್ರದ ತೇವಗಾಳಿಯನ್ನು ಹೀರಿದ ಬೀಜ ಉಬ್ಬಿ, ಹಸಿರು ಬಣ್ಣ ಕಳೆದುಕೊಂಡು, ಹುಳಿಯಿಲ್ಲದ ಬೇರೊಂದೇ ರುಚಿಯನ್ನು ಪಡೆಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳೂ ಬಂದು ಪ್ರಯಾಣ ಚಿಕ್ಕದಾದ ಮೇಲೆ ಬೀಜ ಹಸಿರಾಗಿಯೇ ತಲುಪತೊಡಗಿತು, ಆದರೆ ಹಳೆಯ ರುಚಿಗೆ ಒಗ್ಗಿದ್ದ ಕೊಳ್ಳುಗರು ಅದನ್ನೇ ಕೇಳಿದರಂತೆ. ಹಡಗಿನಲ್ಲಿ ತಾನಾಗಿ ಆಗುತ್ತಿದ್ದುದನ್ನು ಈಗ ಕರಾವಳಿಯ ಕಾಫಿ ಸಂಸ್ಕರಣಾ ಕೇಂದ್ರಗಳಲ್ಲಿ ಬೇಕೆಂದೇ ಮಾಡುತ್ತಾರೆ. ಮುಂಗಾರು ಹಿಡಿದ ಮೇಲೆ, ಗಾಳಿ ಚೆನ್ನಾಗಿ ಆಡುವ ಗೋದಾಮಿನ ನೆಲದ ಮೇಲೆ ಬೀಜವನ್ನು ಹರಡಿ, ಆಗಾಗ ಕೈಯಾಡಿಸಿ, ಆಮೇಲೆ ಗೋಣಿಚೀಲಗಳಲ್ಲಿ ಸಡಿಲವಾಗಿ ತುಂಬಿ ಸಾಲಾಗಿ ನಿಲ್ಲಿಸಿ, ಮತ್ತೆ ಸುರಿದು ಮತ್ತೆ ತುಂಬಿ, ಹೀಗೆ ವಾರಗಟ್ಟಲೆ ಮಳೆಗಾಳಿಯನ್ನು ಉಣಿಸುತ್ತಾರೆ. ಕೊನೆಗೆ ಬೀಜ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಊದಿಕೊಂಡಿರುತ್ತದೆ. ಈ ಕಾಫಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಬೀಜಕ್ಕೆ ಮೂಲವಾಗಿ ಬಳಸುವುದು ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ, ವ್ಯಾಪಾರಿಗಳು ಚೆರಿ ಎಂದು ಕರೆಯುವ ಕಾಫಿಯನ್ನು. ನಾನು ಇಷ್ಟು ವರ್ಷ ಮನೆಗೆ ತರುತ್ತಿದ್ದುದು ಪ್ಲಾಂಟೇಷನ್, ಅಂದರೆ ಸಿಪ್ಪೆ ಸುಲಿದು ನೀರಿನಲ್ಲಿ ತೊಳೆದು ಒಣಗಿಸಿದ ಅರೇಬಿಕಾ ಜಾತಿಯ ಕಾಫಿ, ಮತ್ತು ಅದರದೇ ಪೀಬೆರಿ, ಅಂದರೆ ಹಣ್ಣಿನೊಳಗೆ ಜೋಡಿಯಿಲ್ಲದೆ ಒಂದೇ ಆಗಿ ಬೆಳೆದ ದುಂಡು ಬೀಜ. ತೊಳೆದ ಅರೇಬಿಕಾದಲ್ಲಿ ನಾಲಗೆಗೆ ಚುರುಕಾಗಿ ತಾಗುವ ಹುಳಿಯೇ ಒಂದು ಗುಣ; ರುಚಿ ನೋಡುವ ಪರಿಣತರು ಅದನ್ನು ಮೆಚ್ಚಿ ಬರೆಯುತ್ತಾರೆ. ಹಣ ಕೊಟ್ಟು, ಒಳ್ಳೆಯದೆಂದು ಆರಿಸಿ, ನನ್ನ ಶರೀರಕ್ಕೆ ಅತ್ಯಂತ ಕಡಿಮೆ ಒಗ್ಗುವ ಕಾಫಿಯನ್ನೇ ಇಷ್ಟು ವರ್ಷ ಕುಡಿಯುತ್ತಿದ್ದೆ ಎಂಬ ಅನುಮಾನದಿಂದಲೇ ಈ ಪ್ರಯೋಗ ಶುರುವಾಯಿತು.

ಹುರಿದ ಇಡೀ ಬೀಜದ 250 ಗ್ರಾಂನ ಎರಡು ಪೊಟ್ಟಣಗಳನ್ನು ತರಿಸಿಕೊಂಡೆ. ಪೊಟ್ಟಣಕ್ಕೆ ಅಂಚೆಯ ಖರ್ಚೂ ಸೇರಿ 480 ರೂಪಾಯಿ ಬಿತ್ತು. ಹುರಿ ಮಧ್ಯಮಕ್ಕಿಂತ ಒಂದು ಹದ ಮುಂದೆ, ಕಡುಕಂದು ಬಣ್ಣ, ಮೇಲೆ ಎಣ್ಣೆಯ ತೆಳು ಹೊಳಪು. ಹುರಿದ ದಿನಾಂಕ ಸ್ಪಷ್ಟವಾಗಿ ಅಚ್ಚಾಗಿತ್ತು. ದಿನಾಂಕವನ್ನು ಒತ್ತಿ ಹೇಳಲು ಕಾರಣವಿದೆ. ಇದಕ್ಕೆ ಮೊದಲು, ಹೊಟ್ಟೆಗೆ ಹಿತವಾದ ಲೋ ಆಸಿಡ್ ಕಾಫಿ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದ ಇನ್ನೊಂದು ಪುಡಿಯನ್ನು ತರಿಸಿ ಮೋಸಹೋಗಿದ್ದೆ. ಅದರ ಮೇಲೆ ಹುರಿದ ದಿನಾಂಕವೂ ಇರಲಿಲ್ಲ, ಯಾವ ಬೀಜವೆಂದೂ ಇರಲಿಲ್ಲ, ಆಮ್ಲ ಯಾವುದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಎಂಬುದಂತೂ ಇರಲೇ ಇಲ್ಲ. ಪೊಟ್ಟಣ ಬಿಚ್ಚಿದಾಗ ಹಳೆಯ ಕಡಲೆಕಾಯಿ ಎಣ್ಣೆಯ ಕಮಟು ವಾಸನೆ ಬಂತು. ವಿದ್ಯಾರ್ಥಿ ಇಂಥ ಉತ್ತರ ಬರೆದು ತಂದಿದ್ದರೆ ಸೊನ್ನೆ ಹಾಕಿ ಕಳಿಸುತ್ತಿದ್ದೆ.

ಮನೆಯಲ್ಲಿ ಬೀಸುವ ಯಂತ್ರವಿಲ್ಲ, ಮಿಕ್ಸಿಗೆ ಹಾಕಿದರೆ ಒಂದು ಪಾಲು ಹಿಟ್ಟು, ಒಂದು ಪಾಲು ನುಚ್ಚು ಆಗುತ್ತದೆ. ಆದ್ದರಿಂದ ಬೀಜವನ್ನು ಮಂಡಿಪೇಟೆ ಕಡೆ ನಾನು ಹಿಂದಿನಿಂದ ಪುಡಿ ಕೊಳ್ಳುವ ಸಣ್ಣ ಅಂಗಡಿಗೇ ಒಯ್ದೆ. ಹೊರಗೆ ಕೊಂಡ ಬೀಜವನ್ನು ಬೀಸಿಕೊಡಿ ಎಂದು ಕೇಳುವುದು, ಒಬ್ಬರ ಹೋಟೆಲಿಗೆ ಇನ್ನೊಬ್ಬರ ಇಡ್ಲಿ ಕಟ್ಟಿಕೊಂಡು ಹೋದಂತೆ. ಅವರು ಬೇಸರಿಸಿಕೊಳ್ಳಲಿಲ್ಲ. ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದು, “ಏನ್ರೀ ಮೇಷ್ಟ್ರೆ, ಮಳಿಗೆ ನೆಂದ ಗೋಣಿಚೀಲದ ವಾಸ್ನಿ ಐತಲ್ರೀ ಇದು” ಎಂದರು. ಆಮೇಲೆ ಯಾವ ಕಾಫಿ ಪುಸ್ತಕದಲ್ಲಿಯೂ ಹೇಳದ ಒಂದು ಕೆಲಸ ಮಾಡಿದರು: ಯಂತ್ರದಲ್ಲಿ ಹಿಂದಿನ ಗಿರಾಕಿಯ ಚಿಕರಿ ಮಿಶ್ರಿತ ಪುಡಿ ಉಳಿದಿರುತ್ತದೆಂದು ನನ್ನ ಬೀಜವನ್ನೇ ಒಂದು ಹಿಡಿ ಹಾಕಿ ಬೀಸಿ, ಆ ಪುಡಿಯನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಹೊಸದಾಗಿ ಬೀಸಿದರು. ಫಿಲ್ಟರಿಗೆ ಎಂದಾಗ ಎಷ್ಟು ನುಣ್ಣಗೆ ಬೇಕೆಂದು ಬೆರಳಿನಲ್ಲಿ ತಿಕ್ಕಿ ತೋರಿಸಿ ಕೇಳಿದರು. ಬೀಸಿದ್ದಕ್ಕೆ 20 ರೂಪಾಯಿ ತೆಗೆದುಕೊಂಡರು. ಈ ಸೇವೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ; ಅಂಗಡಿಯೊಳಗೆ ಗಿರಾಕಿ ನಿಲ್ಲಲು ಜಾಗವಿಲ್ಲ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತದೆ ಎಂಬುದಷ್ಟೇ ದೂರು.

ಪ್ರಯೋಗದ ಕ್ರಮವನ್ನು ಹೇಳಬೇಕು, ಇಲ್ಲವಾದರೆ ಮುಂದಿನ ಲೆಕ್ಕಕ್ಕೆ ಅರ್ಥವಿರುವುದಿಲ್ಲ. ದಿನಕ್ಕೆ ಒಂದೇ ಕಾಫಿ. ಅದೂ ಬೆಳಗಿನ ತಿಂಡಿ ಮುಗಿಸಿದ ಮೇಲೆ, ಖಾಲಿ ಹೊಟ್ಟೆಯಲ್ಲಿ ಎಂದೂ ಅಲ್ಲ. 12 ಗ್ರಾಂ ಪುಡಿ, ಕುದಿ ಬಂದು ಅರೆಕ್ಷಣ ನಿಂತ ನೀರು, ಇಪ್ಪತ್ತು ನಿಮಿಷ ಇಳಿದ ಡಿಕಾಕ್ಷನ್, ಅದಕ್ಕೆ ಸಮನಾಗಿ ಬಿಸಿ ಹಾಲು, ಅರ್ಧ ಚಮಚ ಸಕ್ಕರೆ. ಮೊದಲ ಎರಡು ವಾರ ನನ್ನ ಹಳೆಯ ಪ್ಲಾಂಟೇಷನ್-ಪೀಬೆರಿ ಪುಡಿ, ಮಧ್ಯಮ ಹುರಿ, ಚಿಕರಿ ಇಲ್ಲದ್ದು. ನಂತರದ ನಾಲ್ಕು ವಾರ ಮಾನ್ಸೂನ್ಡ್ ಮಲಬಾರ್. ಕೊನೆಯ ಎರಡು ವಾರ ಏನು ಕುಡಿದೆನೆಂಬುದನ್ನು ಮುಂದೆ ಹೇಳುತ್ತೇನೆ. ಪ್ರತಿ ದಿನ ರಾತ್ರಿ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಎದೆಯುರಿ ಬಂತೋ ಇಲ್ಲವೋ ಎಂದು ಗುರುತು ಹಾಕಿದೆ.

ಮೊದಲು ರುಚಿ. ನಾಲಗೆಯ ಅಂಚಿನಲ್ಲಿ ಚುರುಕು ಎನ್ನಿಸುವ ಹುಳಿ ಈ ಕಾಫಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೊದಲ ಗುಟುಕಿಗೆ ಮಣ್ಣಿನ, ಹಳೆಯ ಮರದ ಪೆಟ್ಟಿಗೆಯ, ಹುರಿದ ಕಡಲೆಯ ನೆನಪು ತರುವ ಒಂದು ಗಡಸು ಘಮ. ಡಿಕಾಕ್ಷನ್ ಮಂದವಾಗಿ, ಜೇನಿನಂತೆ ಎನ್ನಲಾಗದಿದ್ದರೂ ಎಳ್ಳೆಣ್ಣೆಯಷ್ಟು ಭಾರವಾಗಿ ಇಳಿಯುತ್ತದೆ. ಹಾಲಿನ ಜೊತೆ ಇದು ಚೆನ್ನಾಗಿ ಹೊಂದುತ್ತದೆ. ಹಾಲಿಲ್ಲದೆ ಕುಡಿದಾಗ ಮಾತ್ರ ಅಂಗಡಿಯವರು ಹೇಳಿದ ಗೋಣಿಚೀಲ ಎದುರು ಬಂದು ನಿಲ್ಲುತ್ತದೆ. ಮೊದಲ ದಿನ ಒಂದು ಗುಟುಕು ಕುಡಿದ ನನ್ನ ಹೆಂಡತಿ ಲೋಟವನ್ನು ನನ್ನ ಕಡೆಗೇ ಸರಿಸಿ, ಇದಕ್ಕಿಂತ ನಿಮ್ಮ ಹಳೆಯ ಹುಳಿ ಕಾಫಿಯೇ ವಾಸಿ ಎಂದು ತನ್ನ ಚಹಾಕ್ಕೆ ನೀರಿಟ್ಟಳು. ನನಗೆ ನಾಲ್ಕನೆಯ ದಿನದ ಹೊತ್ತಿಗೆ ರೂಢಿಯಾಯಿತು. ಎರಡನೆಯ ವಾರದಲ್ಲಿ ಇಷ್ಟವಾಗತೊಡಗಿತು. ಹೂವಿನ, ಹಣ್ಣಿನ ಘಮವನ್ನು ಕಾಫಿಯಲ್ಲಿ ಹುಡುಕುವವರು ಇದನ್ನು ಕೊಳ್ಳಬಾರದು.

ಆದರೆ ನಾಲಗೆಗೆ ಹುಳಿಯಿಲ್ಲ ಎಂದ ಮಾತ್ರಕ್ಕೆ ಹೊಟ್ಟೆಗೆ ಉರಿಯಿಲ್ಲ ಎಂದು ತಿಳಿಯುವುದು ತಪ್ಪು, ಮತ್ತು ಈ ಬಗೆಯ ಕಾಫಿಯನ್ನು ಮಾರುವವರು ಹೆಚ್ಚಾಗಿ ಹೇಳದೆ ಬಿಡುವುದು ಇದನ್ನೇ. ಸಾಮಾನ್ಯ ಕಾಫಿಯ ಪಿಎಚ್ ಮೌಲ್ಯ 5ರ ಆಸುಪಾಸಿನಲ್ಲಿರುತ್ತದೆ. ನಿಂಬೆರಸದ್ದು 2ರ ಹತ್ತಿರ, ಟೊಮೆಟೊದ್ದು 4ಕ್ಕಿಂತ ಸ್ವಲ್ಪ ಮೇಲೆ, ಹಾಲಿನದ್ದು 6.5ರಿಂದ 6.7. ಈ ಮಾಪನದಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಹೆಚ್ಚಾಗುತ್ತದೆ. ಹಾಗೆ ನೋಡಿದರೆ ಹಾಲು ಬೆರೆಸಿದ ಕಾಫಿ ನಮ್ಮ ಟೊಮೆಟೊ ಸಾರಿನ ಮುಂದೆ ಸಾಧು ಪಾನೀಯ. ಇನ್ನು ಜಠರದೊಳಗಿನ ರಸವೋ, 1.5ರಿಂದ 3.5ರ ನಡುವಿನದು, ಅಲ್ಲಿಗೆ ಹೋಗಿ ಬೀಳುವ ಕಾಫಿ ಅದನ್ನು ಇನ್ನಷ್ಟು ಹುಳಿ ಮಾಡುವ ಮಾತೇ ಇಲ್ಲ. ಕಾಫಿ ಕಾಟ ಕೊಡುವ ದಾರಿಗಳು ಬೇರೆ: ಅದು ಜಠರಕ್ಕೆ ಹೆಚ್ಚು ಆಮ್ಲವನ್ನು ಸುರಿಸುವಂತೆ ಪ್ರಚೋದನೆ ಕೊಡುತ್ತದೆ, ಮತ್ತು ಕೆಲವರಲ್ಲಿ ಅನ್ನನಾಳದ ತುದಿಯ ಬಿಗಿಸ್ನಾಯುವನ್ನು ಸಡಿಲಿಸಿ ಆ ಆಮ್ಲ ಮೇಲಕ್ಕೆ ಚಿಮ್ಮಲು ಬಿಡುತ್ತದೆ. ನನ್ನಂತೆ ಆ ಸ್ನಾಯು ಮೊದಲೇ ಸಡಿಲವಿರುವವರಿಗೆ ಲೋಟದೊಳಗಿನ ಹುಳಿಗಿಂತ ಲೋಟ ಖಾಲಿಯಾದ ಮೇಲೆ ಒಳಗೆ ನಡೆಯುವುದೇ ಮುಖ್ಯ. (ಹಳೆಯ ಅಭ್ಯಾಸಬಲದಿಂದ ನಾನು ಪಿಎಚ್ ಕಾಗದ ಅದ್ದಿಯೂ ನೋಡಿದೆ. ಡಿಕಾಕ್ಷನ್ನಿನ ಕಪ್ಪು ಬಣ್ಣವೇ ಕಾಗದಕ್ಕೆ ಹಿಡಿದು ಏನೂ ತಿಳಿಯಲಿಲ್ಲ. ಯಾವ ವಿದ್ಯಾರ್ಥಿಯೂ ಹತ್ತಿರದಲ್ಲಿ ಇಲ್ಲದಿದ್ದುದು ಪುಣ್ಯ.)

ಹಾಗಾದರೆ ಬೀಜ ಯಾವುದಾದರೇನು ಎಂದು ಕೇಳಬಹುದು. ವ್ಯತ್ಯಾಸವಿದೆ, ಆದರೆ ಅದರಲ್ಲಿ ಬೀಜದಷ್ಟೇ ಹುರಿಯ ಪಾತ್ರವೂ ದೊಡ್ಡದು. ಹಸಿ ಕಾಫಿ ಬೀಜದಲ್ಲಿ ಕ್ಲೋರೊಜೆನಿಕ್ ಆಮ್ಲಗಳು ಹೇರಳವಾಗಿರುತ್ತವೆ. ಹುರಿ ಕಪ್ಪಾದಂತೆ ಅವು ಒಡೆದು ಕಡಿಮೆಯಾಗುತ್ತವೆ. ಅದೇ ಹೊತ್ತಿಗೆ ಟ್ರೈಗೊನೆಲಿನ್ ಎಂಬ ಇನ್ನೊಂದು ಪದಾರ್ಥದಿಂದ ಎನ್-ಮೀಥೈಲ್‌ಪಿರಿಡಿನಿಯಂ ಎಂಬುದು ಹುಟ್ಟಿಕೊಳ್ಳುತ್ತದೆ. 2010ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಸಭೆಯಲ್ಲಿ ಸಂಶೋಧಕಿ ವೆರೊನಿಕಾ ಸೊಮೊಜಾ ಮತ್ತು ಸಂಗಡಿಗರು ಮಂಡಿಸಿದ ಕೆಲಸದ ಸಾರ ಇದು: ಪ್ರಯೋಗಶಾಲೆಯಲ್ಲಿ ಬೆಳೆಸಿದ ಮನುಷ್ಯರ ಜಠರದ ಜೀವಕೋಶಗಳ ಮೇಲೆ ಕೆಫೀನ್, ಕ್ಲೋರೊಜೆನಿಕ್ ಆಮ್ಲ ಮುಂತಾದವು ಆಮ್ಲ ಸ್ರವಿಸುವುದನ್ನು ಪ್ರಚೋದಿಸಿದರೆ, ಕಪ್ಪು ಹುರಿಯಲ್ಲಿ ಹೆಚ್ಚಾಗಿರುವ ಈ ಎನ್-ಮೀಥೈಲ್‌ಪಿರಿಡಿನಿಯಂ ಅದನ್ನು ತಗ್ಗಿಸುವಂತೆ ಕಂಡಿತು. 2014ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಆರೋಗ್ಯವಂತ ಸ್ವಯಂಸೇವಕರಲ್ಲೂ ಕಡುಹುರಿಯ ಕಾಫಿ ಮಧ್ಯಮ ಹುರಿಗಿಂತ ಕಡಿಮೆ ಆಮ್ಲವನ್ನು ಪ್ರಚೋದಿಸಿತು. ಅವರೆಲ್ಲ ಬೆರಳೆಣಿಕೆಯ ಜನ, ಎದೆಯುರಿಯ ರೋಗಿಗಳೂ ಅಲ್ಲ. ಆದ್ದರಿಂದ ಇದನ್ನು ವೇದವಾಕ್ಯವೆಂದು ಹಿಡಿಯಬೇಕಿಲ್ಲ. ಆದರೆ ನಸುಹುರಿಯೇ ಹೊಟ್ಟೆಗೆ ಹಗುರ, ಕಪ್ಪು ಹುರಿ ಹೊಟ್ಟೆ ಸುಡುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿರುವುದಕ್ಕೆ ಇದು ತಕ್ಕ ಉತ್ತರ.

ರೊಬಸ್ಟಾ ಬೀಜದ ಬಗ್ಗೆಯೂ ಇಂಥದ್ದೇ ಒಂದು ಭ್ರಮೆಯಿದೆ. ಅದು ಬಾಯಿಗೆ ಹುಳಿಯಾಗುವುದಿಲ್ಲ ಎಂಬುದು ನಿಜ. ಆದರೆ ಅದರಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್, ಕ್ಲೋರೊಜೆನಿಕ್ ಆಮ್ಲಗಳೂ ಹೆಚ್ಚು. ಮಾನ್ಸೂನ್ಡ್ ಮಲಬಾರ್ ಹೆಸರಿನಲ್ಲಿ ಅರೇಬಿಕಾ, ರೊಬಸ್ಟಾ ಎರಡೂ ಮಾರಾಟವಾಗುತ್ತವೆ. ಹೊಟ್ಟೆಯ ಕಾರಣಕ್ಕೆ ಕೊಳ್ಳುವವರು ಪೊಟ್ಟಣದ ಮೇಲೆ ಅರೇಬಿಕಾ ಎಂದಿರುವುದನ್ನು ನೋಡಿಕೊಳ್ಳುವುದು ಒಳ್ಳೆಯದು. ನಾನು ತರಿಸಿದ್ದು ಅರೇಬಿಕಾದ ಎಎ ದರ್ಜೆ, ಅಂದರೆ ದೊಡ್ಡ ಗಾತ್ರದ ಬೀಜ.

ಪ್ರಯೋಗದ ನಡುವೆ ನನಗೇ ಅಚ್ಚರಿ ಹುಟ್ಟಿಸಿದ ಸಂಗತಿ ನೀರಿನದು. ಮೂರನೆಯ ವಾರದಲ್ಲಿ ಎರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ; ಐದು ರೂಪಾಯಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಕ್ಯಾನಿನ ನೀರಿನಲ್ಲೇ ಡಿಕಾಕ್ಷನ್ ಹಾಕಿದೆ. ಅದೇ ಪುಡಿ, ಅದೇ ಅಳತೆ, ಅದೇ ಫಿಲ್ಟರ್. ಕಾಫಿ ಮಾತ್ರ ಸ್ಪಷ್ಟವಾಗಿ ಹುಳಿಯತ್ತ ವಾಲಿತ್ತು. ಕಾರಣ ಹೊಳೆಯಲು ಅರ್ಧ ದಿನ ಹಿಡಿದದ್ದಕ್ಕೆ ನಾಚಿಕೆಯಾಯಿತು. ನೀರಿನಲ್ಲಿ ಕರಗಿರುವ ಬೈಕಾರ್ಬನೇಟು ಕಾಫಿಯ ಆಮ್ಲದ ಒಂದು ಪಾಲನ್ನು ತಣಿಸುತ್ತದೆ. ಅಂಥ ಘಟಕದಲ್ಲಿ ನೀರನ್ನು ಶುದ್ಧಮಾಡುವ ಆರ್‌ಒ ಯಂತ್ರ ಲವಣಗಳ ಜೊತೆಗೆ ಅದನ್ನೂ ತೆಗೆದುಹಾಕುವುದರಿಂದ ಹುಳಿ ಬಿಡುಬೀಸಾಗಿ ನಾಲಗೆಗೆ ತಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಇದರ ತದ್ವಿರುದ್ಧ. ಅಲ್ಲಿ ಹುಳಿ ಪೂರ್ತಿ ಅಡಗಿ, ಜೊತೆಗೆ ಘಮವೂ ಅಡಗಿ, ಕಾಫಿ ಸಪ್ಪೆಯಾಗುತ್ತದೆ. ನಮ್ಮ ಮನೆಯ ಮಟ್ಟಿಗೆ ನಗರಪಾಲಿಕೆಯ ನಲ್ಲಿಯ ನೀರನ್ನು ಸೋಸಿ ಚೆನ್ನಾಗಿ ಕುದಿಸಿ ಬಳಸುವುದೇ ಹದವೆಂದು ಕಂಡಿತು. ದುಬಾರಿ ಬೀಜ ತರಿಸುವ ಮೊದಲು ನೀರನ್ನು ಬದಲಿಸಿ ನೋಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ, ಕೇಳದವರಿಗೂ.

ಡಿಕಾಕ್ಷನ್ ಹಾಕುವ ಬಗೆಯಲ್ಲಿಯೂ ಹುಳಿ ಹೆಚ್ಚು ಕಡಿಮೆಯಾಗುತ್ತದೆ. ಪುಡಿಯಿಂದ ಮೊದಲು ಇಳಿಯುವುದು ಆಮ್ಲಗಳು, ಕಹಿ ಆಮೇಲೆ. ನೀರು ಆರಿದ್ದರೆ, ಪುಡಿ ತೀರಾ ತರಿಯಾಗಿದ್ದರೆ, ಮೇಲಿನ ಪಾತ್ರೆಯ ತಟ್ಟೆಯನ್ನು ಒತ್ತದೆ ನೀರು ಸರಕ್ಕನೆ ಇಳಿದುಹೋದರೆ ಲೋಟಕ್ಕೆ ಬೀಳುವುದು ಅರೆಬರೆ ಇಳಿದ ಹುಳಿಕಾಫಿ. ಇನ್ನು ಬೆಳಗ್ಗೆ ಹಾಕಿದ ಡಿಕಾಕ್ಷನ್ನನ್ನು ಕೆಂಡದ ಮೇಲೋ ಸಣ್ಣ ಉರಿಯ ಮೇಲೋ ಸಂಜೆಯವರೆಗೂ ಬಿಸಿ ಇಡುವ ಅಭ್ಯಾಸವಂತೂ ಬೇಡವೇ ಬೇಡ. ಬಿಸಿಯಲ್ಲಿ ಕುಳಿತಷ್ಟೂ ಅದರಲ್ಲಿ ಕ್ವಿನಿಕ್ ಆಮ್ಲ ಹೆಚ್ಚುತ್ತಾ ಹೋಗುತ್ತದೆ. ಮದುವೆ ಮನೆಯ ಡ್ರಮ್ಮಿನ ಕಾಫಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಕೆರೆಯುವುದು ಬರೀ ಹಾಲಿನ ದೋಷವಲ್ಲ.

ಈಗ ಲೆಕ್ಕ. ಹಳೆಯ ಪುಡಿಯ 14 ದಿನಗಳಲ್ಲಿ ಎದೆಯುರಿ ಬಂದದ್ದು 8 ದಿನ. ಮಾನ್ಸೂನ್ಡ್ ಮಲಬಾರಿನ 28 ದಿನಗಳಲ್ಲಿ 6 ದಿನ. ನಾನೇ ಕೊಂಡು, ನಾನೇ ಕುಡಿದು, ನಾನೇ ಗುರುತು ಹಾಕಿಕೊಂಡ ಲೆಕ್ಕವಿದು. ಪೊಟ್ಟಣಕ್ಕೆ 480 ರೂಪಾಯಿ ಕೊಟ್ಟವನ ಹೊಟ್ಟೆ ಸ್ವಲ್ಪ ಪಕ್ಷಪಾತ ಮಾಡಿರಲೂಬಹುದು. ಹಾಗಿದ್ದರೂ ವ್ಯತ್ಯಾಸ ದೊಡ್ಡದಾಗಿಯೇ ಕಂಡಿತು. ಬೀಜಕ್ಕೆ ಐದು ನಕ್ಷತ್ರ ಕೊಟ್ಟು ಲೇಖನ ಮುಗಿಸುವ ಹಂತದಲ್ಲಿದ್ದೆ.

ಅದನ್ನು ತಡೆದವರು ಅಂಗಡಿಯವರು. ಎರಡನೆಯ ಪೊಟ್ಟಣ ಬೀಸಿಸಲು ಹೋದಾಗ ನನ್ನ ಪ್ರಯೋಗದ ವಿಷಯ ಕೇಳಿ, “ನಿಮ್ಮ ಹಳೇ ಪುಡಿ ಮಧ್ಯಮ ಹುರಿ ಇತ್ರಿ. ಹೋಲ್ಸೋದಾದ್ರ ಅದೇ ನನ್ನ ಬೀಜ ಕಪ್ಪಗೆ ಹುರಿದು ಕೊಡ್ತೀನಿ, ಕುಡ್ದು ನೋಡಿ ಬರೀರಿ” ಎಂದರು. ಸಂಶೋಧನಾ ವಿದ್ಯಾರ್ಥಿಗೆ ಮಾರ್ಗದರ್ಶಕ ಹೇಳಬೇಕಾದ ಮಾತು. ನಾನು ಬೀಜ, ಹುರಿ ಎರಡನ್ನೂ ಒಟ್ಟಿಗೆ ಬದಲಿಸಿ, ಶ್ರೇಯಸ್ಸನ್ನು ಬೀಜವೊಂದಕ್ಕೇ ಕೊಡಲು ಹೊರಟಿದ್ದೆ. ಹೀಗಾಗಿ ಕೊನೆಯ ಎರಡು ವಾರ ಅವರ ಕಪ್ಪು ಹುರಿಯ ಪುಡಿ, ನೂರಕ್ಕೆ ಇಪ್ಪತ್ತರಷ್ಟು ಚಿಕರಿ ಸೇರಿಸಿದ್ದು (ಹೋಲಿಕೆಯಲ್ಲಿ ಇದೂ ಒಂದು ಬದಲಾವಣೆಯೇ), ಕಿಲೋಗೆ 640 ರೂಪಾಯಿಯದು. 14 ದಿನಗಳಲ್ಲಿ ಎದೆಯುರಿ ಬಂದದ್ದು 4 ದಿನ. ಮಾನ್ಸೂನ್ಡ್ ಮಲಬಾರಿನ ಲೆಕ್ಕವನ್ನು ಹದಿನಾಲ್ಕು ದಿನಕ್ಕೆ ಇಳಿಸಿದರೆ 3. ಈ ಒಂದು ದಿನದ ಅಂತರವನ್ನು ನಾನು ಅಂತರವೆಂದೇ ಒಪ್ಪುವುದಿಲ್ಲ. ಬೆಲೆಯ ಅಂತರವನ್ನು ಒಪ್ಪಲೇಬೇಕು: ಒಂದು ಲೋಟಕ್ಕೆ ಅಲ್ಲಿ 23 ರೂಪಾಯಿಯ ಪುಡಿ ಬಿದ್ದರೆ ಇಲ್ಲಿ ಎಂಟು ರೂಪಾಯಿಯೊಳಗೆ ಮುಗಿಯುತ್ತದೆ.

ಚಿಕರಿಯನ್ನು ಕಲಬೆರಕೆಯೆಂದು ತಾತ್ಸಾರ ಮಾಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಅದು ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಆದ್ದರಿಂದ ಐದನೆಯ ಒಂದು ಪಾಲು ಚಿಕರಿ ಸೇರಿದರೆ ಲೋಟದ ಕೆಫೀನೂ ಅಷ್ಟೇ ಪಾಲು ಕಡಿಮೆಯಾಗುತ್ತದೆ, ಬಣ್ಣ ಮತ್ತು ಗಟ್ಟಿತನ ಮಾತ್ರ ಉಳಿಯುತ್ತವೆ. ಕಾನೂನಿನ ಪ್ರಕಾರ ಕಾಫಿ-ಚಿಕರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರುವಂತಿಲ್ಲ, ಮತ್ತು ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕು. ಅರ್ಧಕ್ಕರ್ಧ ಚಿಕರಿಯಿರುವ ಪುಡಿಯೂ ಈ ಮಿತಿಯೊಳಗೇ ಹೆಚ್ಚುಕಡಿಮೆ ನುಸುಳುವುದರಿಂದ ಅಕ್ಷರ ಸಣ್ಣದಿದ್ದರೂ ಓದಿಕೊಳ್ಳಬೇಕು. ಚಿಕರಿಯಲ್ಲಿ ಇನ್ಯುಲಿನ್ ಎಂಬ ನಾರಿನಂಶವಿದೆ. ಎದೆಯುರಿಯ ಜೊತೆಗೆ ಹೊಟ್ಟೆಯುಬ್ಬರವೂ ಇರುವ ಕೆಲವರಿಗೆ ಅದು ಆಗಿಬರುವುದಿಲ್ಲ.

ಇನ್ನು ಆ 6 ಮತ್ತು 4 ದಿನಗಳ ವಿಚಾರ. ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ನೋಡಿದಾಗ ಮಾನ್ಸೂನ್ಡ್ ಮಲಬಾರಿನ ಆರು ದಿನಗಳಲ್ಲಿ ನಾಲ್ಕು ಭಾನುವಾರಗಳಾಗಿದ್ದವು. ಭಾನುವಾರ ಬೆಳಗ್ಗೆ ನಮ್ಮಲ್ಲಿ ಬೆಣ್ಣೆ ದೋಸೆ. ಕಾವಲಿಯ ಮೇಲೆ ಬೆಣ್ಣೆ, ದೋಸೆಯ ಮೇಲೆ ಬೆಣ್ಣೆ, ಆಲೂಗಡ್ಡೆ ಪಲ್ಯದ ಮೇಲೆ ಮತ್ತೊಂದು ಮುದ್ದೆ ಬೆಣ್ಣೆ, ಜೊತೆಗೆ ಖಾರದ ಚಟ್ನಿ. ಹುದುಗಿದ ಹಿಟ್ಟಿನ ಹುಳಿಯಂತೂ ಇದ್ದದ್ದೇ. ಕೊಬ್ಬು ಹೆಚ್ಚಿರುವ ಊಟ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಮತ್ತು ಕಾಫಿಗೆ ನಾವು ಹೊರಿಸುವ ಆಪಾದನೆಯಾದ ಸ್ನಾಯು ಸಡಿಲಿಸುವ ಕೆಲಸವನ್ನು ತಾನೂ ಮಾಡುತ್ತದೆ. ಉಳಿದೆರಡು ದಿನಗಳಲ್ಲಿ ಒಂದು, ಹಿಂದಿನ ಸಂಜೆ ಗೆಳೆಯರೊಂದಿಗೆ ಮಂಡಕ್ಕಿ-ಮೆಣಸಿನಕಾಯಿ ತಿಂದು ಬಂದ ಮರುದಿನ. ಇಷ್ಟೆಲ್ಲ ಆದ ಮೇಲೂ ಮೂವತ್ತು ವರ್ಷ ನಾನು ಬಯ್ದದ್ದು ದೋಸೆಯ ಹಿಂದೆ ಬರುತ್ತಿದ್ದ ಅರ್ಧ ಲೋಟ ಬೈಟು ಕಾಫಿಯನ್ನು! ದೋಸೆಯನ್ನು ಬೈಯಲು ಈ ಊರಿನಲ್ಲಿ ಹುಟ್ಟಿದವನಿಗೆ ನಾಲಗೆ ಏಳುವುದಿಲ್ಲ. ಕೊನೆಯ ಎರಡು ಭಾನುವಾರ ದೋಸೆಯೊಂದಿಗೆ ಕಾಫಿ ಬೇಡವೆಂದು, ಎರಡು ಗಂಟೆ ಬಿಟ್ಟು ಕುಡಿದೆ. ಒಂದು ಭಾನುವಾರ ಉರಿ ಬಂತು, ಇನ್ನೊಂದು ಭಾನುವಾರ ಬರಲಿಲ್ಲ.

ಬೇರೆ ಉಪಾಯಗಳನ್ನೂ ಕೈಯಾಡಿಸಿ ನೋಡಿದೆ. ತಣ್ಣೀರಿನಲ್ಲಿ ಪುಡಿಯನ್ನು ಹನ್ನೆರಡು ಗಂಟೆ ನೆನೆಸಿ ಸೋಸುವ ಕೋಲ್ಡ್ ಬ್ರೂ ವಿಧಾನದಲ್ಲಿ ಹುಳಿ ಬಹಳ ಕಡಿಮೆಯೆಂದು ಪ್ರಚಾರವಿದೆ. 2018ರಲ್ಲಿ ಫಿಲಡೆಲ್ಫಿಯಾದ ಥಾಮಸ್ ಜೆಫರ್ಸನ್ ವಿಶ್ವವಿದ್ಯಾಲಯದವರು ಅಳೆದು ನೋಡಿದಾಗ ಬಿಸಿ, ತಣ್ಣಗಿನ ಎರಡೂ ಕಾಫಿಗಳ ಪಿಎಚ್ 4.85ರಿಂದ 5.13ರ ನಡುವೆ, ಸರಿಸುಮಾರು ಒಂದೇ ಆಗಿತ್ತು. ಒಟ್ಟು ಆಮ್ಲದ ಪ್ರಮಾಣ ಮಾತ್ರ ಬಿಸಿ ಕಾಫಿಯಲ್ಲಿ ಹೆಚ್ಚಿತ್ತು. ನನಗೆ ಅದು ನಯವಾಗಿ ಇಳಿಯಿತು, ಆದರೆ ಒಂದು ಸಲಕ್ಕೆ 50 ಗ್ರಾಂ ಪುಡಿ ತಿನ್ನುತ್ತದೆ, ಮತ್ತು ಬೆಳಗಿನ ಹೊತ್ತು ಫ್ರಿಜ್ಜಿನಿಂದ ತೆಗೆದು ಕುಡಿಯುವುದನ್ನು ಕಾಫಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಕೆಫೀನ್ ತೆಗೆದ ಕಾಫಿಯೂ ಜಠರದ ಆಮ್ಲವನ್ನು ಪ್ರಚೋದಿಸುತ್ತದೆ, ಆದರೂ ಕೆಲವರಿಗೆ ಎದೆಯುರಿ ಕಡಿಮೆಯಾಗುವುದುಂಟು. ನಮ್ಮೂರಿನಲ್ಲಿ ನನಗೆ ಅದರ ಫಿಲ್ಟರ್ ಪುಡಿ ಸಿಗಲಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹುಳಿ ಸಾಯುವುದು ನಿಜವಾದರೂ ಜೊತೆಗೆ ಸೋಡಿಯಂ ಸೇರುತ್ತದೆ, ನನಗೆ ರಕ್ತದೊತ್ತಡವೂ ಇದೆ. ಆ ಪ್ರಯೋಗ ಒಂದೇ ದಿನಕ್ಕೆ ಮುಗಿಯಿತು.

ಗುಳಿಗೆಯ ವಿಷಯ ಒಂದನ್ನು ಹೇಳದಿದ್ದರೆ ತಪ್ಪಾದೀತು, ಏಕೆಂದರೆ ನನ್ನ ಪರಿಚಯದ ಅರ್ಧ ಜನ ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲನ್ನು ಕಾಫಿಯ ಲೋಟದಿಂದಲೇ ನುಂಗುತ್ತಾರೆ. ಅದನ್ನು ಆಹಾರಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನೀರಿನಲ್ಲಿ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ನುಂಗುವಾಗ ಅಡ್ಡಿ, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಕಪ್ಪಾಗುವುದು ಇಂಥವಿದ್ದರೆ ಯಾವ ಬೀಜ, ಯಾವ ಹುರಿ ಎಂಬ ವಿಚಾರ ಬಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಬೇಕು.

ಹೀಗಾಗಿ ನನ್ನ ಅಂಕಪಟ್ಟಿ ಇಂತಿದೆ. ಮಾನ್ಸೂನ್ಡ್ ಮಲಬಾರಿಗೆ ರುಚಿಯ ಲೆಕ್ಕದಲ್ಲಿ ಐದಕ್ಕೆ ನಾಲ್ಕು, ಹೊಟ್ಟೆಯ ಲೆಕ್ಕದಲ್ಲೂ ನಾಲ್ಕು, ಆದರೆ ಅದರಲ್ಲಿ ಮೂರು ಅಂಕ ಕಪ್ಪು ಹುರಿಗೆ ಸಲ್ಲಬೇಕಾದವು, ಬೆಲೆಗೆ ಎರಡು. ಹುಳಿಯಿಲ್ಲದ, ಮಣ್ಣಿನ ಘಮದ ಕಾಫಿಯನ್ನು ಅದರ ರುಚಿಗಾಗಿಯೇ ಬಯಸುವವರು ಕೊಳ್ಳಬಹುದು. ಎದೆಯುರಿಗೆ ಔಷಧಿಯೆಂದು ಕೊಳ್ಳುವವರು ತಮ್ಮೂರಿನ ಪುಡಿ ಅಂಗಡಿಯಲ್ಲಿ ಹುರಿಯನ್ನು ಒಂದು ಹದ ಹೆಚ್ಚಿಸಲು ಕೇಳಿ ನೋಡಿದರೆ ಸಾಕು. ಡಬ್ಬಿಯಲ್ಲಿ ಇನ್ನೂ ಮೂರು ಲೋಟಕ್ಕಾಗುವಷ್ಟು ಪುಡಿ ಉಳಿದಿದೆ. ಯಂತ್ರ ತೊಳೆಯಲೆಂದು ಬೀಸಿ ಬೇರೆ ತೆಗೆದಿಟ್ಟಿದ್ದ ಆ ಮೊದಲ ಹಿಡಿಯನ್ನು ಅಂಗಡಿಯವರು ಮನೆಗೆ ಒಯ್ದು ಕುಡಿದರಂತೆ. ಹೇಗಿತ್ತು ಎಂದು ಕೇಳಿದರೆ, “ಗೋಣಿಚೀಲ ಹೋಗ್ಲಿ ಬಿಡ್ರಿ ಮೇಷ್ಟ್ರೆ, ಮುಂದಿನ ಸಲ ತರಿಸೋವಾಗ ನಂಗೂ ಒಂದು ಪ್ಯಾಕೆಟ್ ಹೇಳ್ರಿ” ಎಂದರು.